ಇನ್ನೆರಡು ಅಂಗುಲ ಆಳ

2020ರ ಆಗಸ್ಟ್‌ನಲ್ಲಿ ಚಿನ್ನದ ಬೆಲೆ ಮೊದಲ ಸಲ ಔನ್ಸಿಗೆ 2,000 ಅಮೆರಿಕನ್ ಡಾಲರ್ ದಾಟಿತು. ಅದೇ ತಿಂಗಳು ಮೆಲ್ಬರ್ನ್‌ನವರು ಕೋವಿಡ್ ನಿರ್ಬಂಧದ ಕಾರಣ ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿರಲಿಲ್ಲ. ರಜೆ ಸಿಕ್ಕಾಗಲೆಲ್ಲ ಚಿನ್ನ ಹುಡುಕಲು ಲೋಹಶೋಧಕ ಡಿಟೆಕ್ಟರ್ ಹೊತ್ತು ಬಲರಾಟ್, ಡನೋಲಿ, ವೆಡ್ಡರ್‌ಬರ್ನ್ ಕಡೆ ಹೊರಡುತ್ತಿದ್ದ ಹವ್ಯಾಸಿಗಳು ಮನೆಯಲ್ಲೇ ಕುಳಿತು ಬೆಲೆ ಏರುವುದನ್ನು ನೋಡಬೇಕಾಯಿತು. ಹಾಗಾಗಿ 2021ರ ಆರಂಭದ ತಿಂಗಳುಗಳಲ್ಲಿ, ಅಡಿಲೇಡಿನ ಮೈನ್‌ಲ್ಯಾಬ್ ಕಂಪನಿ ಜಿಪಿಎಕ್ಸ್ 6000 ಎಂಬ ಹೊಸ ಚಿನ್ನದ ಡಿಟೆಕ್ಟರ್ ತರುತ್ತಿದೆ ಎಂಬ ಸುದ್ದಿ ಬಂದಾಗ ವಿಕ್ಟೋರಿಯಾದ ಚಿನ್ನದ ಸೀಮೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಹೀಗೆ ಕಾದವರಲ್ಲಿ ಕೋಲಾರದ ಕಡೆಯ ಒಬ್ಬ ಹಿರಿಯರೂ ಇದ್ದರು. ಅವರ ತಂದೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಮಗ ಮೆಲ್ಬರ್ನ್‌ಗೆ ಬಂದು ನೆಲೆಸಿ, ನಿವೃತ್ತಿಯ ಅಂಚಿನಲ್ಲಿ ಚಿನ್ನ ಹುಡುಕುವ ಹವ್ಯಾಸ ಹಿಡಿದರು. ಅವರ ಅಣ್ಣನ ಮಗಳು ಅದೇ ಊರಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ಚಿಕ್ಕಪ್ಪ ಕಂಪನಿಯ ಪ್ರಚಾರದ ಹಾಳೆ ಓದಿ ಹೇಳುತ್ತಿದ್ದರೆ ಅವಳು ಪ್ರತಿ ಸಾಲಿಗೂ ಒಂದು ಪ್ರಶ್ನೆ ಇಡುತ್ತಿದ್ದಳು.

“ಎರಡು ಕಿಲೋ ನೂರು ಗ್ರಾಂ ಕಣಮ್ಮ. ವೈರ್ ಇಲ್ಲ, ಬೆನ್ನಿಗೆ ಬ್ಯಾಟರಿ ಚೀಲ ಇಲ್ಲ. ಮಣ್ಣಿಗೆ ತಕ್ಕ ಹಾಗೆ ತಾನೇ ಹೊಂದಿಕೊಳ್ಳುತ್ತಂತೆ. ನನ್ನ ಹಳೇ ಜಿಪಿಎಕ್ಸ್ 5000 ಹೊತ್ತು ಬಂದ ದಿನ ರಾತ್ರಿ ಭುಜ ಎತ್ತೋಕೆ ಆಗಲ್ಲ.”

“ತೂಕ ಒಪ್ಪಿದೆ ಚಿಕ್ಕಪ್ಪ. ಚಿನ್ನ ಹೆಚ್ಚು ಸಿಗುತ್ತೆ ಅಂತ ಯಾವ ಆಧಾರದ ಮೇಲೆ ಹೇಳ್ತಾರೆ? ಆ ನೆಲವನ್ನು ನೂರೆಪ್ಪತ್ತು ವರ್ಷದಿಂದ ಅಗೀತಾನೇ ಇದ್ದಾರಲ್ಲ.”

ಅವಳ ಪ್ರಶ್ನೆ ನ್ಯಾಯವಾದದ್ದೇ. ವಿಕ್ಟೋರಿಯಾದಲ್ಲಿ ಚಿನ್ನದ ನೂಕುನುಗ್ಗಲು ಶುರುವಾದದ್ದು 1851ರಲ್ಲಿ. ಜಾ ಜಾ ವುರುಂಗ್ ಮತ್ತಿತರ ಮೂಲನಿವಾಸಿಗಳ ನೆಲವನ್ನು ಕೆಲವೇ ವರ್ಷಗಳಲ್ಲಿ ಗುರುತು ಸಿಗದಂತೆ ಅಗೆದು ಹಾಕಲಾಯಿತು. ಸರ್ಕಾರ ಗಣಿಗಾರರಿಂದ ತಿಂಗಳಿಗೆ 30 ಷಿಲಿಂಗ್ ಲೈಸೆನ್ಸ್ ಶುಲ್ಕ ಕೇಳಿದ್ದರ ವಿರುದ್ಧ ಎದ್ದ ಕೋಪವೇ 1854ರ ಡಿಸೆಂಬರ್ 3ರಂದು ಬಲರಾಟ್‌ನ ಯುರೇಕಾದಲ್ಲಿ ರಕ್ತಪಾತವಾಗಿ ಕೊನೆಗೊಂಡಿತು. ಮರುವರ್ಷ ಆ ಲೈಸೆನ್ಸ್ ಹೋಗಿ, ವರ್ಷಕ್ಕೆ ಒಂದು ಪೌಂಡಿನ ‘ಮೈನರ್ಸ್ ರೈಟ್’ ಬಂತು. ಹೆಸರು ಇವತ್ತಿಗೂ ಅದೇ. ಹತ್ತು ವರ್ಷಕ್ಕೆ ಒಮ್ಮೆ ಪಡೆದರೆ ಸರ್ಕಾರಿ ಜಮೀನಿನಲ್ಲಿ, ಅಥವಾ ಮಾಲೀಕರ ಒಪ್ಪಿಗೆ ಇದ್ದರೆ ಖಾಸಗಿ ಜಮೀನಿನಲ್ಲಿ, ಕೈ ಹತ್ಯಾರುಗಳಿಂದ ಹುಡುಕಬಹುದು. ಸಿಕ್ಕಿದ್ದು ಹುಡುಕಿದವರದೇ. ನಮ್ಮ ದೇಶದಿಂದ ಹೋದವರಿಗೆ ನಂಬಲು ಸ್ವಲ್ಪ ಹೊತ್ತು ಬೇಕಾಗುವ ಕಾನೂನು ಇದು.

ಚಿಕ್ಕಪ್ಪ ಉತ್ತರವಾಗಿ ಎರಡು ಘಟನೆ ಹೇಳಿದರು.

“1869ರ ಫೆಬ್ರವರಿ 5. ಮೊಲಿಯಾಗುಲ್ ಅನ್ನೋ ಹಳ್ಳಿ. ಜಾನ್ ಡೀಸನ್, ರಿಚರ್ಡ್ ಓಟ್ಸ್ ಅಂತ ಇಬ್ಬರು. ಮರದ ಬುಡದಲ್ಲಿ ಪಿಕಾಸಿ ಇಟ್ಟರೆ ಠಣ್ ಅಂತು. ಮೇಲ್ಮೈಯಿಂದ ಬರೀ ಮೂರು ಸೆಂಟಿಮೀಟರ್ ಕೆಳಗೆ! ವೆಲ್ಕಮ್ ಸ್ಟ್ರೇಂಜರ್ ಅಂತ ಹೆಸರಿಟ್ಟರು. ಕರಗಿಸಿದಾಗ ಸುಮಾರು 72 ಕಿಲೋ ಚಿನ್ನ. ಡನೋಲಿಯಲ್ಲಿ ಅದನ್ನ ತೂಗೋ ತಕ್ಕಡಿ ಇರಲಿಲ್ಲ. ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ತುಂಡು ಮಾಡಿದರು.”

“ಅದಕ್ಕೆ ಡಿಟೆಕ್ಟರ್ ಬೇಕಾಗಿರಲಿಲ್ಲ ಬಿಡಿ.”

“ಇನ್ನೊಂದು ಕೇಳು. ಅದಾಗಿ ನೂರಾಹನ್ನೊಂದು ವರ್ಷಕ್ಕೆ, 1980ರ ಸೆಪ್ಟೆಂಬರ್‌ನಲ್ಲಿ, ಅದೇ ಸೀಮೆಯ ಕಿಂಗೋವರ್‌ನಲ್ಲಿ ಕೆವಿನ್ ಹಿಲಿಯರ್ ಅನ್ನೋನು ಗ್ಯಾರೆಟ್ ಡಿಟೆಕ್ಟರ್ ಹಿಡಿದು ಹೊರಟ. ಬಂಗಾರದ ಗಟ್ಟಿ ನೆಲದಲ್ಲಿ ನೆಟ್ಟಗೆ ನಿಂತಿತ್ತು. ತೆಗೆದರೆ 27 ಕಿಲೋ. ಹ್ಯಾಂಡ್ ಆಫ್ ಫೇತ್ ಅಂದರು. ಲಾಸ್ ವೇಗಾಸ್‌ನ ಗೋಲ್ಡನ್ ನಗ್ಗೆಟ್ ಕಸಿನೋದವರು ಹತ್ತು ಲಕ್ಷ ಡಾಲರ್ ಆಸುಪಾಸು ಕೊಟ್ಟು ಕೊಂಡರು. ನೂರು ವರ್ಷ ಅದರ ಮೇಲೆ ಎಷ್ಟು ಜನ ನಡೆದಾಡಿರಬೇಕು ಹೇಳು.”

ಚಿಕ್ಕಪ್ಪನ ವಾದದ ತಿರುಳು ಇಲ್ಲಿದೆ. ಅಗೆದ ನೆಲ ಖಾಲಿಯಾಗಿರುವುದಿಲ್ಲ. ಆ ಕಾಲದ ಕಣ್ಣಿಗೆ, ಆ ಕಾಲದ ಯಂತ್ರಕ್ಕೆ ಕಾಣದ್ದು ಅಲ್ಲೇ ಉಳಿದಿರುತ್ತದೆ. ಹೊಸ ಯಂತ್ರ ಬಂದಾಗಲೆಲ್ಲ ಹಳೆಯ ನೆಲದ ಒಂದು ಪದರ ಹೊಸದಾಗುತ್ತದೆ. ಇದು ಬರೀ ಆಸೆಯ ಮಾತಲ್ಲ. 1995ರಲ್ಲಿ ಮೈನ್‌ಲ್ಯಾಬ್‌ನ ಎಸ್‌ಡಿ 2000 ಬಂದಾಗ ಆದದ್ದೇ ಅದು. ಅಡಿಲೇಡಿನ ಭೌತವಿಜ್ಞಾನಿ ಬ್ರೂಸ್ ಕ್ಯಾಂಡಿ ರೂಪಿಸಿದ ಆ ಯಂತ್ರ, ‘ಇಲ್ಲಿ ಇನ್ನೇನೂ ಇಲ್ಲ’ ಎಂದು ಜನ ಕೈಬಿಟ್ಟಿದ್ದ ಜಾಗಗಳಲ್ಲಿ ಮತ್ತೆ ಚಿನ್ನ ತೆಗೆಯಿತು. ಯಾಕೆ ತೆಗೆಯಿತು ಎಂಬುದನ್ನು ಹೇಳಲು ಅಣ್ಣನ ಮಗಳು ಅಮೆರಿಕದ ಒಬ್ಬ ಅಧ್ಯಕ್ಷನ ಹಾಸಿಗೆಯಿಂದ ಶುರು ಮಾಡಿದಳು.

“1881ರ ಜುಲೈನಲ್ಲಿ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ಗುಂಡು ದೇಹದಲ್ಲಿ ಎಲ್ಲಿದೆ ಅಂತ ಡಾಕ್ಟರುಗಳಿಗೆ ಗೊತ್ತಾಗಲಿಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಲೋಹಶೋಧಕ ಮಾಡಿಕೊಂಡು ಬಂದ. ಬೇರೆ ಕಡೆ ಪರೀಕ್ಷೆ ಮಾಡಿದಾಗ ಚೆನ್ನಾಗಿ ಕೆಲಸ ಮಾಡಿದ ಯಂತ್ರ ಅಧ್ಯಕ್ಷರ ಕೋಣೆಯಲ್ಲಿ ತಬ್ಬಿಬ್ಬಾಯ್ತು. ಹಾಸಿಗೆ ಒಳಗೆ ಉಕ್ಕಿನ ಸ್ಪ್ರಿಂಗ್ ಇತ್ತು. ಸಾಲದ್ದಕ್ಕೆ ಡಾಕ್ಟರು ದೇಹದ ಬಲಗಡೆ ಮಾತ್ರ ಹುಡುಕೋಕೆ ಬಿಟ್ಟರು. ಗುಂಡು ಸಿಗಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಗಾರ್ಫೀಲ್ಡ್ ತೀರಿಕೊಂಡ.”

“ಅದಕ್ಕೂ ಡನೋಲಿಗೂ ಏನಮ್ಮ ಸಂಬಂಧ?”

“ಡನೋಲಿಯ ಕೆಂಪು ಮಣ್ಣೇ ಆ ಹಾಸಿಗೆ. ಅದರ ತುಂಬ ಕಬ್ಬಿಣದ ಆಕ್ಸೈಡ್. ಹಳೇ ಡಿಟೆಕ್ಟರ್‌ಗಳು ಬಿಡದೆ ಒಂದೇ ಸಮ ಅಲೆ ಕಳಿಸ್ತಿದ್ದವು. ಆ ಮಣ್ಣು ಎಷ್ಟು ಜೋರಾಗಿ ಉತ್ತರ ಕೊಡುತ್ತೆ ಅಂದರೆ, ಕೆಳಗಿರೋ ಚಿನ್ನದ ದನಿ ಕೇಳೋದೇ ಇಲ್ಲ. ಕ್ಯಾಂಡಿ ಹಿಡಿದ ದಾರಿ ಬೇರೆ. ನೆಲದ ಮೇಲೆ ಆಡಿಸೋ ತಂತಿಸುರುಳಿಗೆ, ಅಂದರೆ ಕಾಯಿಲ್‌ಗೆ, ಒಂದು ಕ್ಷಣ ಕರೆಂಟ್ ಕೊಟ್ಟು ತಟ್ಟನೆ ನಿಲ್ಲಿಸೋದು. ಆ ಕಾಂತಕ್ಷೇತ್ರ ಕುಸಿಯುವಾಗ ಕೆಳಗಿನ ಲೋಹದಲ್ಲಿ ಸುಳಿ ಕರೆಂಟ್ ಹುಟ್ಟುತ್ತೆ. ಗುಡಿಯಲ್ಲಿ ಗಂಟೆ ಹೊಡೆದು ಕೈ ತೆಗೆದ ಮೇಲೂ ನಾದ ಉಳಿಯುತ್ತಲ್ಲ, ಹಾಗೆ. ಯಂತ್ರ ಸುಮ್ಮನಾಗಿ ಆ ನಾದಕ್ಕೆ ಕಿವಿ ಕೊಡುತ್ತೆ. ಸೆಕೆಂಡಿಗೆ ನೂರಾರು, ಸಾವಿರಾರು ಸಲ.”

“ಮಣ್ಣಿಗೂ ನಾದ ಇರುತ್ತಲ್ಲ?”

“ಇರುತ್ತೆ. ಅದಕ್ಕೇ ಒಂದು ಉದ್ದ ಪಲ್ಸ್, ಒಂದು ಗಿಡ್ಡ ಪಲ್ಸ್ ಕಳಿಸೋದು. ಎರಡಕ್ಕೂ ಮಣ್ಣು ಕೊಡೋ ಉತ್ತರಕ್ಕೆ ಒಂದು ಲೆಕ್ಕ ಇದೆ, ಲೋಹ ಕೊಡೋದಕ್ಕೆ ಬೇರೆ ಲೆಕ್ಕ. ಹೋಲಿಸಿ ಮಣ್ಣಿನ ಪಾಲು ಕಳೆದರೆ ಉಳಿದದ್ದು ಲೋಹ. ನಿಮ್ಮ 5000ದಲ್ಲಿ ‘ಟೈಮಿಂಗ್’ ಅಂತ ಬದಲಾಯಿಸ್ತೀರಲ್ಲ, ನಾರ್ಮಲ್, ಎನ್‌ಹಾನ್ಸ್, ಫೈನ್ ಗೋಲ್ಡ್ ಅಂತ, ಅದೆಲ್ಲ ಈ ಕೇಳೋ ಹೊತ್ತನ್ನು ಹಿಂದೆ ಮುಂದೆ ಮಾಡೋದೇ.”

ಹೊಸ ಯಂತ್ರ ಯಾವ ಚಿನ್ನದ ಮೇಲೆ ಕಣ್ಣಿಟ್ಟಿದೆ ಎಂಬುದೂ ಇಲ್ಲಿಂದಲೇ ಗೊತ್ತಾಗುತ್ತದೆ. ದೊಡ್ಡ ಗಟ್ಟಿಯಲ್ಲಿ ಸುಳಿ ಕರೆಂಟ್ ಹೆಚ್ಚು ಹೊತ್ತು ಉಳಿಯುತ್ತದೆ. ಕಾಳಿನಷ್ಟು ಚಿನ್ನದಲ್ಲಿ, ಜಾಳು ಜಾಳಾಗಿ ಕಲ್ಲಿಗೆ ಅಂಟಿದ ಚಿನ್ನದಲ್ಲಿ, ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಹಳೆಯ ಪಲ್ಸ್ ಯಂತ್ರಗಳು ಕಿವಿ ತೆರೆಯುವ ಹೊತ್ತಿಗೆ ಅದು ಅಡಗಿರುತ್ತಿತ್ತು. ಮೈನ್‌ಲ್ಯಾಬ್‌ನದೇ 2014ರ ಎಸ್‌ಡಿಸಿ 2300 ಆ ಸಣ್ಣ ಚಿನ್ನಕ್ಕೆಂದೇ ಬಂತು. 2015ರ ಜಿಪಿಝಡ್ 7000 ಬೇರೆಯೇ ಬಗೆಯ ತಂತ್ರದಿಂದ ಆಳವನ್ನೂ ಸಣ್ಣ ಚಿನ್ನವನ್ನೂ ಒಟ್ಟಿಗೆ ಹಿಡಿಯಲು ಹೊರಟಿತು. ಅದರ ತೂಕ ಮೂರು ಕಿಲೋಗೂ ಮೇಲೆ, ಆಗ ಆಸ್ಟ್ರೇಲಿಯಾದಲ್ಲಿ ಬೆಲೆ ಹತ್ತು ಸಾವಿರ ಡಾಲರ್ ಹತ್ತಿರ ಇತ್ತು. ಆಗ ಇನ್ನೂ ಬರಲಿದ್ದ 6000, ಹಗುರ ಮೈಯಲ್ಲಿ ಸಣ್ಣ ಚಿನ್ನ ಹಿಡಿಯುವ ಪಲ್ಸ್ ಯಂತ್ರ ಎಂಬುದು ಚಿಕ್ಕಪ್ಪನ ಕೈಯಲ್ಲಿದ್ದ ಹಾಳೆಯ ಸಾರ.

“ಆಳ ಎಷ್ಟು ಹೋಗುತ್ತೆ ಅಂತ ಬರೆದಿಲ್ಲ,” ಎಂದು ಚಿಕ್ಕಪ್ಪ ಹಾಳೆ ತಿರುವಿದರು. “7000 ಬಂದಾಗ ಶೇಕಡಾ 40ರವರೆಗೆ ಹೆಚ್ಚು ಆಳ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದರು.”

ಅಣ್ಣನ ಮಗಳು ಕಾಗದ ಕೇಳಿದಳು. ಈ ಸಂವಾದದಲ್ಲಿ ಹವ್ಯಾಸಿಗಳೆಲ್ಲ ಕೇಳಿಸಿಕೊಳ್ಳಬೇಕಾದ ಭಾಗ ಇದು ಎಂಬುದು ಈ ಲೇಖಕನ ಅಭಿಪ್ರಾಯ.

“ನೋಡಿ ಚಿಕ್ಕಪ್ಪ. ಕಾಯಿಲ್‌ನಿಂದ ದೂರ ಹೋದ ಹಾಗೆಲ್ಲ ಕಾಂತಕ್ಷೇತ್ರದ ಬಲ ದೂರದ ಘನದಷ್ಟು ಇಳಿಯುತ್ತೆ. ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಭಾಗ. ಇದು ಕೆಳಗೆ ಹೋಗೋ ಲೆಕ್ಕ. ಚಿನ್ನದಿಂದ ಉತ್ತರ ಮೇಲೆ ಬರುವಾಗ ಮತ್ತೆ ಅದೇ ಲೆಕ್ಕ, ಇನ್ನೊಂದು ಎಂಟನೇ ಭಾಗ. ಎಂಟೆಂಟಲ ಅರವತ್ತನಾಲ್ಕು. ಅಂದರೆ ಒಂದೇ ಗಟ್ಟಿಯನ್ನ ಎರಡು ಪಟ್ಟು ಆಳದಲ್ಲಿ ಕೇಳಬೇಕಾದರೆ ಯಂತ್ರದ ಕಿವಿ 64 ಪಟ್ಟು ಚುರುಕಾಗಬೇಕು.”

“ಅರವತ್ತನಾಲ್ಕು!”

“ಕಾಯಿಲ್ ಅಗಲಕ್ಕಿಂತ ಚಿನ್ನ ಸಾಕಷ್ಟು ಆಳದಲ್ಲಿದ್ದಾಗ ಈ ಲೆಕ್ಕ. ಮೂವತ್ತು ಸೆಂಟಿಮೀಟರಿನಿಂದ ಮೂವತ್ತಾರಕ್ಕೆ ಹೋಗೋಕೆ, ಹೆಚ್ಚುಕಡಿಮೆ ಎರಡೇ ಅಂಗುಲಕ್ಕೆ, ಮೂರು ಪಟ್ಟು. ನೀವು ಹೇಳಿದ ಶೇಕಡಾ 40ಕ್ಕೆ ಏಳೂವರೆ ಪಟ್ಟು. ಯಾವುದೋ ಒಂದು ಮಣ್ಣಲ್ಲಿ, ಯಾವುದೋ ಒಂದು ಗಾತ್ರದ ಚಿನ್ನಕ್ಕೆ ಅದು ನಿಜ ಇರಬಹುದು. ಎಲ್ಲ ಮಣ್ಣಿಗೂ ಎಲ್ಲ ಚಿನ್ನಕ್ಕೂ ಅಲ್ಲ.”

“ಹಾಗಾದರೆ ಹೊಸ ಯಂತ್ರ ದಂಡ ಅಂತೀಯಾ?”

“ಇಲ್ಲ. ಎರಡು ಅಂಗುಲ ಸಿಕ್ಕರೂ ದೊಡ್ಡದು ಅಂತಲೇ ಹೇಳ್ತಿದ್ದೀನಿ. ನೀವು ಹೇಳಿದಿರಲ್ಲ, ಹೊಸ ಯಂತ್ರ ಬಂದಾಗ ಒಂದು ಪದರ ಹೊಸದಾಗುತ್ತೆ ಅಂತ. ಆ ಪದರ ಎರಡು ಅಂಗುಲದ್ದು. ಆದರೆ ಅದು ಇಡೀ ಸೀಮೆಯ ಉದ್ದಗಲಕ್ಕೂ ಇದೆ. ಅದಕ್ಕೆ ಆಳ ಕೇಳಬೇಡಿ, ಅಗಲ ಕೇಳಿ. ದಿನಕ್ಕೆ ಎಷ್ಟು ಹೊತ್ತು ಬೀಸೋಕೆ ಆಗುತ್ತೆ, ಎಷ್ಟು ನೆಲ ಮುಗಿಸೋಕೆ ಆಗುತ್ತೆ ಅಂತ.”

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಮ್ಮ ಅನುಭವ ತೆಗೆದರು. ಒಳ್ಳೆ ಜಾಗ ಸಿಕ್ಕರೆ ಹಳಬರು ಸೊಂಟಕ್ಕೆ ಒಂದು ಸರಪಳಿ ಕಟ್ಟಿ ಎಳೆದುಕೊಂಡು ನಡೆಯುತ್ತಾರೆ. ಮಣ್ಣಿನ ಮೇಲೆ ಗೆರೆ ಬೀಳುತ್ತದೆ. ಮುಂದಿನ ಸಾಲು ಆ ಗೆರೆಗೆ ತಾಗಿ ಹೋಗಬೇಕು, ಒಂದು ಗೇಣೂ ಬಿಡದ ಹಾಗೆ. ಕಾಯಿಲ್ ನೆಲಕ್ಕೆ ಸವರಿಕೊಂಡೇ ಸಾಗಬೇಕು, ಬೀಸಿನ ಕೊನೆಯಲ್ಲಿ ಮೇಲೇಳಬಾರದು. ಭುಜ ದಣಿದಾಗ ಆಗುವ ತಪ್ಪೇ ಅದು: ಕಾಯಿಲ್ ಎರಡೂ ತುದಿಯಲ್ಲಿ ಮೇಲೇಳುತ್ತದೆ. ಯಂತ್ರ ಕೊಟ್ಟ ಎರಡು ಅಂಗುಲವನ್ನು ದಣಿದ ತೋಳು ಕಳೆದುಹಾಕುತ್ತದೆ.

“ಅದೇ ನಾನು ಹೇಳೋದು,” ಎಂದಳು ಅಣ್ಣನ ಮಗಳು. “2.1 ಕಿಲೋ ಅನ್ನೋದೇ ನಿಮ್ಮ ಹಾಳೆಯ ದೊಡ್ಡ ಸುದ್ದಿ. ಅದನ್ನ ಅವರು ಸಣ್ಣ ಅಕ್ಷರದಲ್ಲಿ ಹಾಕಿದ್ದರೂ ನೀವು ದೊಡ್ಡದಾಗಿ ಓದಿ.”

ಇದು ಒಳ್ಳೆಯ ಮಾತು. ಡಿಟೆಕ್ಟರ್‌ಗಳ ಬಗ್ಗೆ ನಡೆಯುವ ಮಾತುಕತೆ ಯಾವಾಗಲೂ ಆಳದ ಸುತ್ತಲೇ ಸುತ್ತುತ್ತದೆ, ಯಾಕೆಂದರೆ ಆಳ ಕಲ್ಪನೆಗೆ ಇಂಬು ಕೊಡುತ್ತದೆ. ಆದರೆ ಹುಡುಕಾಟದ ದಿನ ಹೇಗೆ ಕಳೆಯುತ್ತದೆ ಎಂದು ಯಾರನ್ನಾದರೂ ಕೇಳಿ. ಬೇಟೆಗಾರರ ಸೀಸದ ಗುಂಡು, ತುಕ್ಕು ಹಿಡಿದ ಮೊಳೆ, ಬೂಟಿನ ಅಡಿಯ ಆಣಿ, ಬಿಯರ್ ಡಬ್ಬದ ಮುಚ್ಚಳದ ಉಂಗುರ. ಅಗೆದು ತೆಗೆದದ್ದರಲ್ಲಿ ಬಹುಪಾಲು ಇವೇ. ಸೀಸದ ಗುಂಡೂ ಅಷ್ಟೇ ಗಾತ್ರದ ಚಿನ್ನವೂ ಕಿವಿಗೆ ಹೆಚ್ಚುಕಡಿಮೆ ಒಂದೇ. ಕಬ್ಬಿಣದ ಅಂಶ ತುಂಬಿದ ಕಲ್ಲುಗಳೂ ಕೂಗುತ್ತವೆ. ಅವನ್ನು ಅಲ್ಲಿ ‘ಹಾಟ್ ರಾಕ್’ ಎನ್ನುತ್ತಾರೆ. ಹಾಗಾಗಿ ಪ್ರತಿ ದನಿಯನ್ನೂ ಅಗೆಯಬೇಕು. ಪಿಕಾಸಿಯ ತಲೆಗೆ ಒಂದು ಅಯಸ್ಕಾಂತ ಕಟ್ಟಿಕೊಂಡಿರುತ್ತಾರೆ. ಮೊಳೆಗಳು ಅದಕ್ಕೆ ಅಂಟಿ ಬರುತ್ತವೆ. ಉಳಿದ ಮಣ್ಣನ್ನು ಪ್ಲಾಸ್ಟಿಕ್ ಸೌಟಿನಲ್ಲಿ ಎತ್ತಿ, ಕಾಯಿಲ್ ಮೇಲೆ ಆಡಿಸಿ, ಅರ್ಧರ್ಧ ಚೆಲ್ಲುತ್ತ ಹೋಗಬೇಕು. ಕೊನೆಗೆ ಸೌಟಿನಲ್ಲಿ ಉಳಿದದ್ದು ಹಳದಿಯಾಗಿದ್ದರೆ ಆ ದಿನ ದೊಡ್ಡ ದಿನ. ಅದು ಅರ್ಧ ಗ್ರಾಂ ಇದ್ದರೂ ಸರಿ.

ಹೊಸ ಯಂತ್ರಕ್ಕೆ ಕಾಯುತ್ತಿದ್ದವರು ಇಂಥ ಹವ್ಯಾಸಿಗಳಷ್ಟೇ ಅಲ್ಲ. ಮೈನ್‌ಲ್ಯಾಬ್ ಶುರುವಾದದ್ದು 1985ರಲ್ಲಿ. 2008ರಲ್ಲಿ ಅದನ್ನು ಅಡಿಲೇಡಿನದೇ ಕೊಡಾನ್ ಕಂಪನಿ ಕೊಂಡಿತು. ಅದರ ಚಿನ್ನದ ಡಿಟೆಕ್ಟರ್‌ಗಳಿಗೆ ದೊಡ್ಡ ಮಾರುಕಟ್ಟೆ ಆಫ್ರಿಕಾ. ಸುಡಾನ್, ಮಾಲಿಯಂಥ ದೇಶಗಳಲ್ಲಿ ಹಲವರು ಸೇರಿ ಹಣ ಹಾಕಿ ಒಂದು ಯಂತ್ರ ಕೊಳ್ಳುತ್ತಾರೆ, ಸಿಕ್ಕ ಚಿನ್ನ ಹಂಚಿಕೊಳ್ಳುತ್ತಾರೆ. ಅಲ್ಲಿ ಅದು ರಜೆಯ ಹವ್ಯಾಸವಲ್ಲ, ಅನ್ನ. 2012ರಲ್ಲಿ ಡಾರ್ಫರ್‌ನ ಜೆಬೆಲ್ ಆಮಿರ್ ಬೆಟ್ಟದಲ್ಲಿ ಚಿನ್ನ ಸಿಕ್ಕಾಗ ಜನ ಸಾವಿರಗಟ್ಟಲೆ ನುಗ್ಗಿದರು. ಮರುವರ್ಷವೇ ಆ ಬೆಟ್ಟಕ್ಕಾಗಿ ಬುಡಕಟ್ಟುಗಳ ನಡುವೆ ರಕ್ತ ಹರಿಯಿತು.

“ಅಲ್ಲಿ ನಕಲಿ ಯಂತ್ರದ ಕಾಟ ಬಹಳ ಇತ್ತಂತೆ,” ಎಂದರು ಚಿಕ್ಕಪ್ಪ.

“ಹೌದು, 2015ರಲ್ಲಿ ರಾಯಿಟರ್ಸ್ ಸುದ್ದಿ ಮಾಡಿತ್ತು. ಕಂಪನಿಯ ಒಬ್ಬರು ಚೀನಾ ಪ್ರವಾಸದಲ್ಲಿದ್ದಾಗ ಲ್ಯಾಪ್‌ಟಾಪ್‌ಗೆ ಕನ್ನ ಬಿತ್ತು, ಡಿಸೈನ್ ಕದ್ದರು ಅಂತ. ಮೇಲೆ ಅದೇ ಡಬ್ಬ, ಅದೇ ಬಣ್ಣ. ಆಫ್ರಿಕಾದಲ್ಲಿ ಅಗ್ಗಕ್ಕೆ ಮಾರಿದರು. ಕಂಪನಿ ತನ್ನ ಯಂತ್ರದ ಬೆಲೆಯನ್ನೇ ಇಳಿಸಬೇಕಾಯ್ತು. ಮೂರು ಮನೆಯವರು ಸಾಲ ಮಾಡಿ ಒಂದು ಕೊಂಡು, ಅದು ನಕಲಿ ಅಂತ ಮರುಭೂಮಿಯಲ್ಲಿ ಗೊತ್ತಾದರೆ ಅವರ ಗತಿ ಏನು ಹೇಳಿ.”

ಹೊಸ ಮಾದರಿ ಬರುತ್ತಿದೆ ಎಂಬ ಸುದ್ದಿಯೇ ನಕಲಿಗಾರರಿಗೂ ಸುಗ್ಗಿ. ಈ ಮಾತು ಕರ್ನಾಟಕಕ್ಕೂ ಸೇರುತ್ತದೆ. ಚಿಕ್ಕಪ್ಪನಿಗೆ ಊರಿನಿಂದ ಆಗಾಗ ಬರುವ ಬೇಡಿಕೆಯೇ ಅದಕ್ಕೆ ಸಾಕ್ಷಿ: ಅಲ್ಲಿಂದ ಒಂದು ಮೆಷಿನ್ ಕಳಿಸಿ, ನಮ್ಮ ಹೊಲದಲ್ಲಿ, ಕೆಜಿಎಫ್ ಸುತ್ತಮುತ್ತ ಒಂದು ಕೈ ನೋಡೋಣ.

“ನೀವೇನಂದಿರಿ?”

“ಆಗಲ್ಲ ಅಂದೆ. ನಮ್ಮಪ್ಪ ಇಳೀತಿದ್ದ ಗಣಿ ಮೂರು ಕಿಲೋಮೀಟರಿಗೂ ಆಳ. ಬಂಡೆ ಸಿಡಿದು ಎಷ್ಟು ಜನ ಸತ್ತರೋ. ಅಷ್ಟು ಆಳದಿಂದ ತಂದ ಕಲ್ಲಿನಲ್ಲಿ ಕೊನೇ ವರ್ಷಗಳಲ್ಲಿ ಟನ್ನಿಗೆ ಮೂರು ನಾಲ್ಕು ಗ್ರಾಂ ಚಿನ್ನ. ಅದೂ ಕಣ್ಣಿಗೆ ಕಾಣದ ಪುಡಿ. ಕಲ್ಲು ಅರೆದು, ಸೈನೈಡ್ ಹಾಕಿ ತೆಗೀಬೇಕು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ್ದು ಚಿನ್ನ ಮುಗೀತು ಅಂತಲ್ಲ, ತೆಗೆಯೋ ಖರ್ಚು ಬರಲ್ಲ ಅಂತ. ಇನ್ನು ಸೈನೈಡ್ ದಿಬ್ಬದ ಮೇಲೆ ಈ ಯಂತ್ರ ಬೀಸಿದರೆ ಏನು ಕೇಳಿಸುತ್ತೆ? ಹಳೇ ಮೊಳೆ.”

ಅಣ್ಣನ ಮಗಳು ಇಂಜಿನಿಯರ್ ಮಾತಿನಲ್ಲಿ ಅದನ್ನೇ ಹೇಳಿದಳು: ಹರಳಿನಷ್ಟಾದರೂ ಒಟ್ಟಾಗಿ ಇರುವ ಲೋಹದಲ್ಲಿ ಸುಳಿ ಕರೆಂಟ್ ಸುತ್ತುತ್ತದೆ, ಒಂದು ಟನ್ ಕಲ್ಲಿನಲ್ಲಿ ಹರಡಿದ ಮೂರು ಗ್ರಾಂ ಪುಡಿಯಲ್ಲಿ ಅದಕ್ಕೆ ಸುತ್ತಲು ಜಾಗವೇ ಇಲ್ಲ. ವಿಕ್ಟೋರಿಯಾದ ನೆಲ ಅಪರೂಪದ್ದು. ಅಲ್ಲಿ ಬೆಣಚುಕಲ್ಲಿನ ಪದರಗಳು ಕೋಟ್ಯಂತರ ವರ್ಷ ಸವೆದು, ದಪ್ಪ ದಪ್ಪ ಚಿನ್ನದ ಗಟ್ಟಿಗಳನ್ನು ಮೇಲುಮಣ್ಣಿನಲ್ಲಿ ಬಿಟ್ಟಿವೆ. ಕೋಲಾರದಲ್ಲೂ ಹಟ್ಟಿಯಲ್ಲೂ ಹಾಗಿಲ್ಲ. ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಾಲಗಾರರು ಮರಳು ತೊಳೆದು ತೆಗೆಯುತ್ತಿದ್ದದ್ದೂ ಸಣ್ಣ ಕಣಗಳನ್ನೇ.

ಕಾನೂನೂ ಬೇರೆ. ನಮ್ಮಲ್ಲಿ ಖನಿಜ ಶೋಧಕ್ಕೆ 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಪರವಾನಗಿ ಬೇಕು. ಹವ್ಯಾಸಿಗೆ ‘ಮೈನರ್ಸ್ ರೈಟ್’ ಇಲ್ಲ. ನೆಲದಲ್ಲಿ ಹೂತಿಟ್ಟ ನಿಧಿ ಸಿಕ್ಕರೆ ನಿಧಿ ಕಾಯ್ದೆ ಅನ್ವಯಿಸುತ್ತದೆ: ಸಿಕ್ಕವರು ಅಧಿಕಾರಿಗಳಿಗೆ ತಿಳಿಸಲೇಬೇಕು. ಆದರೂ ಯಂತ್ರ ಹಿಡಿದ ನಿಧಿಗಳ್ಳರು ಹಾಳು ಗುಡಿಗಳ ಗರ್ಭಗುಡಿ ಅಗೆಯುವುದು, ನಂದಿಯ ಹೊಟ್ಟೆ ಒಡೆಯುವುದು ನಿಂತಿಲ್ಲ. ಕಲ್ಲಿನ ಶಾಸನಕ್ಕೆ ಬೆಲೆ ಕಟ್ಟಲು ಬಾರದವರ ಕೈಯಲ್ಲಿ ಡಿಟೆಕ್ಟರ್ ಒಂದು ಗುದ್ದಲಿಗಿಂತ ಅಪಾಯಕಾರಿ. ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್. ಅವನು ಆ ಬಂಡೆಯನ್ನು ಒಡೆಯದೆ ಸುದ್ದಿ ಮುಟ್ಟಿಸಿದ್ದರಿಂದ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದಕ್ಕೆ ಕನ್ನಡ ನೆಲದಲ್ಲಿ ಪುರಾವೆ ಸಿಕ್ಕಿತು.

“ಊರಲ್ಲಿ ಇನ್ನೊಂದು ಮೆಷಿನ್ ಬಂದಿದೆಯಂತಲ್ಲ,” ಎಂದರು ಚಿಕ್ಕಪ್ಪ. “ಕಾಯಿಲ್ ಇಲ್ಲ, ಕೈಯಲ್ಲಿ ಹಿಡಿ, ಮುಂದೆ ಒಂದು ಕಡ್ಡಿ. ಒಂದು ಕಿಲೋಮೀಟರ್ ದೂರದ ಚಿನ್ನ ತೋರಿಸುತ್ತಂತೆ.”

“ಅದು ಮೆಷಿನ್ನೇ ಅಲ್ಲ ಚಿಕ್ಕಪ್ಪ. ಎಡಿಇ 651 ಅಂತ ಒಂದು ಇತ್ತು. ಗಾಲ್ಫ್ ಚೆಂಡು ಹುಡುಕೋದು ಅಂತ ಮಾರ್ತಿದ್ದ ಆಟದ ಸಾಮಾನನ್ನೇ ಬಾಂಬ್ ಪತ್ತೆ ಯಂತ್ರ ಅಂತ ಮಾಡಿ ಇರಾಕ್‌ಗೆ ಮಾರಿದರು. ಒಳಗೆ ಬ್ಯಾಟರಿ ಕೂಡ ಇರಲಿಲ್ಲ. ಬಾಗ್ದಾದ್‌ನ ಚೆಕ್‌ಪೋಸ್ಟ್‌ಗಳಲ್ಲಿ ಪೊಲೀಸರು ಅದನ್ನ ನಂಬಿ ಗಾಡಿ ಬಿಟ್ಟರು, ಬಾಂಬ್ ಒಳಗೆ ಹೋಯ್ತು. ಮಾರಿದ ಬ್ರಿಟಿಷ್ ವ್ಯಾಪಾರಿ ಜೇಮ್ಸ್ ಮೆಕ್‌ಕಾರ್ಮಿಕ್‌ಗೆ 2013ರಲ್ಲಿ ಹತ್ತು ವರ್ಷ ಜೈಲಾಯ್ತು. ಊರಲ್ಲಿ ಬಂದಿರೋ ಕಡ್ಡಿಯೂ ಅದೇ ಜಾತಿ.”

ಅರವತ್ತನಾಲ್ಕರ ಲೆಕ್ಕ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಮೂವತ್ತು ಸೆಂಟಿಮೀಟರ್ ಆಳ ದಾಟಲು ಇಷ್ಟು ವರ್ಷದ ವಿಜ್ಞಾನ, ಇಷ್ಟು ಸಾವಿರ ಡಾಲರ್ ಬೇಕಾದರೆ, ಕಿಲೋಮೀಟರ್ ದೂರದ ಚಿನ್ನ ತೋರಿಸುವುದಾಗಿ ಹೇಳುವವನು ಏನು ಮಾರುತ್ತಿದ್ದಾನೆ ಎಂದು ಯಾರಾದರೂ ತೀರ್ಮಾನಿಸಬಹುದು.

ಮಾತು ಮತ್ತೆ ಹೊಸ ಯಂತ್ರಕ್ಕೆ ಬಂತು. ಮೊದಲ ಸಾಲಿನಲ್ಲೇ ಮುಂಗಡ ಕೊಟ್ಟು ಹೆಸರು ಬರೆಸಬೇಕೆಂದು ಚಿಕ್ಕಪ್ಪನ ಆಸೆ. ಗುಂಡಿಗಳು ಕಡಿಮೆ, ಎಲ್ಲ ಯಂತ್ರವೇ ನೋಡಿಕೊಳ್ಳುತ್ತದೆ ಎಂಬುದು ಅವರಿಗೆ ಹಿತವಾಗಿತ್ತು. ಅಣ್ಣನ ಮಗಳಿಗೆ ಅದೇ ಅನುಮಾನ. ತಾನೇ ಹೊಂದಿಕೊಳ್ಳುವ ಯಂತ್ರ ಹೊಸಬರಿಗೆ ವರ; ಆದರೆ ತನ್ನ ಮಣ್ಣನ್ನು ಬಲ್ಲ ಹಳಬ ಕೈಯಿಂದ ಮಾಡಿಕೊಳ್ಳುತ್ತಿದ್ದ ಹೊಂದಾಣಿಕೆಗೆ ಅದು ಸಮವೇ ಎಂಬುದನ್ನು ಅಂಗಡಿಯಲ್ಲಿ ನಿಂತು ಹೇಳಲಾಗುವುದಿಲ್ಲ. ವಿದ್ಯುತ್ ತಂತಿಗಳ ಹತ್ತಿರ, ಗುಡುಗು ಮೋಡ ಕವಿದಾಗ ಅಷ್ಟು ಚುರುಕು ಕಿವಿ ಎಷ್ಟು ಗದ್ದಲ ಕೇಳಿಸಿಕೊಳ್ಳುತ್ತದೆ ಎಂಬುದೂ ಹಾಳೆಯಲ್ಲಿ ಇರುವುದಿಲ್ಲ.

“ಮತ್ತೆ ಹೇಗಮ್ಮ ಪರೀಕ್ಷೆ ಮಾಡೋದು?”

“ನಿಮ್ಮ ಹತ್ತಿರ ಅರ್ಧ ಗ್ರಾಂ ಚಿನ್ನದ ಹರಳು ಇದೆಯಲ್ಲ. ಪ್ಲಾಸ್ಟಿಕ್ ಕಾರ್ಡಿಗೆ ಅಂಟಿಸಿ. ನೀವು ಹುಡುಕೋ ಜಾಗದಲ್ಲೇ, ಅದೇ ಮಣ್ಣಲ್ಲಿ, ಹತ್ತು ಸೆಂಟಿಮೀಟರ್, ಹದಿನೈದು, ಇಪ್ಪತ್ತು ಆಳಕ್ಕೆ ಓರೆಯಾಗಿ ತೂತು ಕೊರೆದು ಒಳಗೆ ಇಡಿ. ಮೇಲಿನ ಮಣ್ಣು ಕದಲಬಾರದು. ಕದಡಿದ ಮಣ್ಣು ಯಂತ್ರಕ್ಕೆ ಬೇರೆ ಥರ ಕೇಳಿಸುತ್ತೆ. ಮೊದಲು 5000 ಬೀಸಿ, ಆಮೇಲೆ ಯಾರಾದರೂ ಗೆಳೆಯರ 6000 ಬೀಸಿ. ಹರಳು ಇಟ್ಟದ್ದು ಎಲ್ಲಿ ಅಂತ ಬೀಸೋರಿಗೆ ಗೊತ್ತಿರಬಾರದು, ನಾನು ಇಡ್ತೀನಿ.”

“ಆಮೇಲೆ ತೂತು ಮುಚ್ಚಬೇಕು.”

“ಅದನ್ನ ನೀವು ನನಗೆ ಹೇಳಿಕೊಡಬೇಕಾಗಿಲ್ಲ.”

ಅಗೆದ ಗುಂಡಿ ಮುಚ್ಚುವುದು ಅಲ್ಲಿ ಬರೀ ಸೌಜನ್ಯವಲ್ಲ, ಪರವಾನಗಿಯ ಷರತ್ತು. ಬಹುತೇಕ ರಾಷ್ಟ್ರೀಯ ಉದ್ಯಾನಗಳಲ್ಲಿ ಹುಡುಕುವಂತಿಲ್ಲ, ಮೂಲನಿವಾಸಿಗಳ ಪರಂಪರೆಯ ತಾಣಗಳನ್ನು ಮುಟ್ಟುವಂತಿಲ್ಲ. ಗುಂಡಿ ಬಿಟ್ಟುಹೋಗುವವರ ದೆಸೆಯಿಂದ ಒಂದೊಂದೇ ಜಾಗ ಮುಚ್ಚಿಹೋದರೆ ಎಷ್ಟು ಒಳ್ಳೆಯ ಯಂತ್ರವೂ ಬೀಸಲು ನೆಲ ಉಳಿಯುವುದಿಲ್ಲ ಎಂಬ ಚಿಂತೆ ಚಿಕ್ಕಪ್ಪನಿಗೆ ಬೆಲೆಯ ಚಿಂತೆಗಿಂತ ದೊಡ್ಡದು. ಮುಂಗಡ ಕೊಡುವ ಮಾತನ್ನು ಅವರು ಆ ದಿನಕ್ಕೆ ಕೈಬಿಟ್ಟರು. ಯಂತ್ರ ಬಂದ ಮೇಲೆ, ಡನೋಲಿಯ ಮಣ್ಣಿನಲ್ಲಿ ಅಣ್ಣನ ಮಗಳು ಹೇಳಿದಂತೆ ನೋಡಿಯೇ ಕೊಳ್ಳುವುದು ಎಂದಾಯಿತು.

ಜಿಪಿಎಕ್ಸ್ 6000 ಅದೇ 2021ರಲ್ಲಿ ಮಾರುಕಟ್ಟೆಗೆ ಬಂತು. 2022ರಲ್ಲಿ ಅಮೆರಿಕದ ಗ್ಯಾರೆಟ್ ಕಂಪನಿ ಆಕ್ಸಿಯಮ್ ಎಂಬ ಹಗುರ ಪಲ್ಸ್ ಯಂತ್ರವನ್ನು ಅದಕ್ಕೆ ಎದುರಾಗಿ ಇಳಿಸಿತು. ಮುಂದಿನ ಮಾದರಿಗಾಗಿ ಕಾಯುತ್ತಿರುವ ಓದುಗರು, ಆಸ್ಟ್ರೇಲಿಯಾದಲ್ಲಿದ್ದರೆ, ಅಂಗಡಿಯವರನ್ನು ಆಳ ಕೇಳುವ ಮೊದಲು ಅರ್ಧ ಗ್ರಾಂ ಹರಳನ್ನು ತಮ್ಮದೇ ಮಣ್ಣಿನಲ್ಲಿ ಇಟ್ಟು ನೋಡಲಿ. ಕರ್ನಾಟಕದಲ್ಲಿರುವವರು, ಚಿನ್ನ ತೋರಿಸುವ ಕಡ್ಡಿ ಮಾರಲು ಯಾರಾದರೂ ಬಂದರೆ, ಹತ್ತು ಲೋಟ ಬೋರಲು ಹಾಕಿ ಒಂದರಡಿ ಉಂಗುರವಿಟ್ಟು, ಯಾವುದರಡಿ ಎಂದು ತೋರಿಸಲು ಅವನಿಗೇ ಹೇಳಲಿ. ತೋರಿಸುವವರೆಗೆ ಒಂದು ರೂಪಾಯಿಯನ್ನೂ ಕೊಡದಿರಲಿ.